ಐಟಿಐ ಡ್ರಾಫ್ಟ್ಸ್‌ಮನ್ ಮುಗಿದಿದೆ, ಆರ್ಕಿಟೆಕ್ಟ್ ಆಫೀಸಿನಲ್ಲೇ ಇರಲಾ, ಬೇರೆ ದಾರಿ ಹಿಡಿಯಲಾ? (ಕಲಬುರಗಿ)

ಜೇವರ್ಗಿ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬೇಜಾರಿಲ್ಲದೆ ಓದಿ.

ನಾನು ಜೇವರ್ಗಿ ಕಡೆಯವನು. ಎಸ್ಸೆಸ್ಸೆಲ್ಸಿ ಆದಮೇಲೆ ಐಟಿಐನಲ್ಲಿ ಎರಡು ವರ್ಷದ ಡ್ರಾಫ್ಟ್ಸ್‌ಮನ್ ಸಿವಿಲ್, ಅಂದರೆ ಕಟ್ಟಡದ ನಕ್ಷೆ ಬಿಡಿಸೋ ಕೋರ್ಸ್, ಮಾಡಿದೆ. ಈಗ ಹದಿನಾಲ್ಕು ತಿಂಗಳಿಂದ ಕಲಬುರಗಿಯಲ್ಲಿ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿದ್ದೇನೆ. ಸಂಬಳ 9,000. ರೂಮ್ ಬಾಡಿಗೆ, ಮೆಸ್ಸು, ಬಸ್ಸು ಕಳೆದರೆ ಉಳಿಯೋದು ಮೊಬೈಲ್ ರೀಚಾರ್ಜಿಗೆ. ಸಾಹೇಬ್ರು ಬಟರ್ ಪೇಪರ್ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿ ಕೊಡುತ್ತಾರೆ, ನಾನು ಅದನ್ನ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡೋ ಆಟೋಕ್ಯಾಡಿಗೆ ಹಾಕುತ್ತೇನೆ. ಗಿರಾಕಿ ಬಂದು ದೇವರ ಮನೆ ಈ ಕಡೆ ಬೇಕು ಅಂದರೆ ಮತ್ತೆ ತಿದ್ದುತ್ತೇನೆ. ವಾಸ್ತು ನೋಡುವವರು ಬಂದು ಆಯ ಸರಿ ಇಲ್ಲ ಅಂದರೆ ಮತ್ತೆ. ಒಂದು 30×40 ಸೈಟಿನ ಪ್ಲಾನು ಹನ್ನೊಂದು ಸಲ ತಿದ್ದಿದ್ದೇನೆ, ಫೈಲ್ ಹೆಸರು 'ಫೈನಲ್ ಫೈನಲ್ ಹೊಸದು 3' ಅಂತ ಇದೆ.

ಕೆಲಸ ಇಷ್ಟ, ಸುಳ್ಳು ಹೇಳಲ್ಲ. ಆದರೆ ಮುಂದೇನು ಅಂತ ಗೊತ್ತಾಗುತ್ತಿಲ್ಲ. ಹೈದರಾಬಾದಿನಲ್ಲಿ ಆರು ತಿಂಗಳ ಬಿಮ್ (ಇಡೀ ಕಟ್ಟಡದ ಮಾದರಿ ಕಂಪ್ಯೂಟರಿನಲ್ಲಿ ಮಾಡೋದು) ಕೋರ್ಸ್ ಇದೆ, 65,000 ಫೀಸು, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತಾರೆ. ಅಪ್ಪ ಈ ಸಲ ತೊಗರಿ ಮಾರಿದ ದುಡ್ಡು ಕೊಡುತ್ತೇನೆ ಹೋಗು ಅಂತಾರೆ. ನನಗೇ ಭಯ. ಇಲ್ಲಾಂದ್ರೆ ಡಿಪ್ಲೊಮಾ ಸೇರಲಾ? ಅದೂ ಬೇಡ ಅಂದರೆ ಇಲ್ಲೇ ಇದ್ದು ಅನುಭವ ಮಾಡಿಕೊಳ್ಳಲಾ? ಈ ಲೈನಿನಲ್ಲಿ ಇರುವವರು ಹೇಳಿ.

ಉಸುಕು ಸಿಮೆಂಟು

ಓಡಿ ಹೋಗು ತಮ್ಮಾ. ಇಷ್ಟೇ ಉತ್ತರ.

ತೊಗರಿ ಬ್ಯಾಳಿ

ಮೇಲಿನವರು ಯಾಕ್ರೀ ಹಂಗಂತೀರಿ, ಕಾರಣ ಆದರೂ ಹೇಳಿ. ಹುಡುಗ ಕಷ್ಟಪಟ್ಟು ಇಷ್ಟುದ್ದ ಬರೆದಿದ್ದಾನೆ.

ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅನ್ನೋದನ್ನ ಮಾತ್ರ ನಂಬಬೇಡ. ನಮ್ಮ ಚಿಕ್ಕಪ್ಪನ ಮಗ ಇದೇ ಥರ ಒಂದು ಕಡೆ ದುಡ್ಡು ಕಟ್ಟಿದ, ಊರು ಹೆಸರು ಬೇಡ. ಪ್ಲೇಸ್‌ಮೆಂಟ್ ಅಂದರೆ ಏನು ಗೊತ್ತಾ, ಮೂರು ಇಂಟರ್ವ್ಯೂಗೆ ಕಳಿಸೋದು. ಆಯ್ಕೆ ಆಗದಿದ್ದರೆ ನಿನ್ನ ಹಣೆಬರಹ. ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಹಂಗೇ ಬರೆದಿದ್ದರು, ಯಾರೂ ಓದಿರಲಿಲ್ಲ.

ರಾಟ್ರಿಂಗ್ ಪೆನ್ನು

ನಾನು ಈ ಕೆಲಸಕ್ಕೆ ಬಂದಾಗ ಕಂಪ್ಯೂಟರ್ ಇರಲಿಲ್ಲ. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ಟ್ರೇಸಿಂಗ್ ಪೇಪರ್ ಮೇಲೆ ರಾಟ್ರಿಂಗ್ ಪೆನ್ನಿನಲ್ಲಿ ಗೆರೆ. ಗೋಡೆಗೆ ದಪ್ಪ ಪೆನ್ನು, ಅಳತೆಗೆ 0.2 ಎಂಎಂ. ಏಪ್ರಿಲ್, ಮೇ ಬಂತೆಂದರೆ ಕಲಬುರಗಿಯ ಬಿಸಿಲು ನಿಮಗೇ ಗೊತ್ತು. ಫ್ಯಾನ್ ಹಾಕಿದರೆ ಪೇಪರ್ ಹಾರುತ್ತೆ, ಹಾಕದಿದ್ದರೆ ಮೊಣಕೈ ಬೆವರು ಟ್ರೇಸಿಂಗ್ ಮೇಲೆ. ಒಂದು ಹನಿ ಬಿದ್ದರೆ ಪೇಪರ್ ಉಬ್ಬಿ ಇಂಕು ಹರಡಿತು, ಮೂರು ದಿನದ ಕೆಲಸ ಗೋವಿಂದ. ಅದಕ್ಕೆ ನಾವು ಟವಲ್ಲನ್ನ ಮಡಿಚಿ ಮುಂಗೈ ಕೆಳಗೆ ಇಟ್ಟುಕೊಂಡು ಗೆರೆ ಎಳೆಯುತ್ತಿದ್ದೆವು. ತಪ್ಪಾದರೆ ಅರ್ಧ ಬ್ಲೇಡಿನಲ್ಲಿ ಹಗುರಾಗಿ ಕೆರೆದು ತೆಗೆಯಬೇಕು. ಜೋರಾಗಿ ಕೆರೆದರೆ ತೂತು. ಆಮೇಲೆ ಕಾಪಿ ತೆಗೆಯೋಕೆ ಅಮೋನಿಯಾ ಪ್ರಿಂಟು, ಆ ವಾಸನೆಗೆ ಕಣ್ಣಲ್ಲಿ ನೀರು.

ಯಾಕೆ ಹೇಳಿದೆ ಅಂದರೆ, ಹನ್ನೊಂದು ಸಲ ತಿದ್ದಿದೆ ಅಂತ ಅಳುತ್ತೀಯಲ್ಲ. ನಾವು ತಿದ್ದೋದೇ ಕಷ್ಟ ಅಂತ ಗೆರೆ ಎಳೆಯೋ ಮೊದಲು ಗಿರಾಕಿಯನ್ನ ನೂರು ಪ್ರಶ್ನೆ ಕೇಳುತ್ತಿದ್ದೆವು. ಕೇಳೋದನ್ನ ಕಲಿ.

ಹುಮನಾಬಾದ್ ಅಕ್ಕ

ಕಾಕಾ ಹೇಳಿದ್ದು ಬರೋಬ್ಬರಿ. ಆದರೆ ಕೇಳೋದು ಅವನ ಕೈಯಲ್ಲಿಲ್ಲ ಅಲ್ವಾ. ಸಾಹೇಬ್ರು ಗಿರಾಕಿ ಜೊತೆ ಮಾತಾಡುವಾಗ ಡ್ರಾಫ್ಟ್ಸ್‌ಮನ್‌ನ ಒಳಗೆ ಕರೆಯೋದೇ ಇಲ್ಲ. ಚಹಾ ತರೋಕೆ ಮಾತ್ರ ಕರೆಯುತ್ತಾರೆ.

ತಮ್ಮಾ, ನಾನು ಬೀದರ್ ಜಿಲ್ಲೆಯವಳು. ಡಿಪ್ಲೊಮಾ ಮಾಡಿ ಈಗ ಬೆಂಗಳೂರಿನ ಒಂದು ಆಫೀಸಿಗೆ ಮನೆಯಿಂದಲೇ ಬಿಮ್ ಮಾಡೋ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಕೆಲಸ ಮಾಡುತ್ತೇನೆ. ನೀನು ಕೇಳಿದ ಬಿಮ್ ಅಂದರೆ ಬರೀ ಸಾಫ್ಟ್‌ವೇರ್ ಅಲ್ಲ. ಆಟೋಕ್ಯಾಡಿನಲ್ಲಿ ಗೋಡೆ ಅಂದರೆ ಎರಡು ಗೆರೆ. ರೆವಿಟ್‌ನಲ್ಲಿ ಗೋಡೆ ಅಂದರೆ ಗೋಡೆನೇ. ಇಟ್ಟಂಗಿ ಎಷ್ಟು ದಪ್ಪ, ಪ್ಲಾಸ್ಟರ್ ಎಷ್ಟು, ಎಷ್ಟು ಎತ್ತರ ಅಂತ ನೀನು ಹೇಳಬೇಕು, ಹೇಳದಿದ್ದರೆ ಅದು ಕೇಳುತ್ತೆ. ಪ್ಲಾನಿನಲ್ಲಿ ಕಿಟಕಿ ಸರಿಸಿದರೆ ಸೆಕ್ಷನ್ (ಸೀಳಿದ ನೋಟ), ಎಲಿವೇಶನ್ (ಹೊರಗಿನ ನೋಟ), ಕಿಟಕಿಗಳ ಪಟ್ಟಿ ಎಲ್ಲ ತಾನಾಗಿ ಬದಲಾಗುತ್ತೆ. ಮನೆ ಹೇಗೆ ಕಟ್ಟುತ್ತಾರೆ ಅಂತ ಗೊತ್ತಿಲ್ಲದವನು ರೆವಿಟ್ ಕಲಿತರೆ ಆಟೋಕ್ಯಾಡಿಗಿಂತ ಜಲ್ದಿ ಸಿಕ್ಕಿಬೀಳುತ್ತಾನೆ.

ಅದಕ್ಕೆ 65,000 ಕೊಡಬೇಡ. ಓದುತ್ತಿರುವವರಿಗೆ ಇವನ್ನ ಮಾಡೋ ಆಟೋಡೆಸ್ಕ್ ಕಂಪನಿ ಒಂದೊಂದು ವರ್ಷದ ಮಟ್ಟಿಗೆ ಸಾಫ್ಟ್‌ವೇರ್ ಫುಕಟ್ಟೇ ಕೊಡುತ್ತೆ, ದುಡಿಮೆಗೆ ಬಳಸಬಾರದು ಅಷ್ಟೇ. ಡಿಪ್ಲೊಮಾ ಸೇರಿದರೆ ನಿನಗೂ ಸಿಗುತ್ತೆ. ಕಲಿಯೋದು ಯೂಟ್ಯೂಬಿನಲ್ಲೂ ಆಗುತ್ತೆ. ಆ ದುಡ್ಡಿನಲ್ಲಿ 16 ಜಿಬಿ ರ‍್ಯಾಮ್ ಇರುವ ಒಂದು ಕಂಪ್ಯೂಟರ್ ಜೋಡಿಸಿಕೋ.

ಉಸುಕು ಸಿಮೆಂಟು

ಕಾರಣ ಕೇಳಿದರಲ್ಲ, ಹೇಳುತ್ತೇನೆ. ಹತ್ತು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದೆ. ಪ್ಲಾನು ನನ್ನದು, ಸೆಕ್ಷನ್ ನನ್ನದು, ರಾತ್ರಿ ಹನ್ನೊಂದಕ್ಕೆ ಪ್ಲಾಟರ್ ಅಂಗಡಿ ಮುಂದೆ ನಿಂತವನು ನಾನು. ಸಹಿ ಇನ್ನೊಬ್ಬರದ್ದು. ಮನೆ ಗೃಹಪ್ರವೇಶಕ್ಕೆ ಒಂದು ಸಲವೂ ಕರೆಯಲಿಲ್ಲ. ಬಿಟ್ಟು ಟೈಲ್ಸ್ ಅಂಗಡಿ ಹಾಕಿದೆ, ಈಗ ಅದೇ ಆರ್ಕಿಟೆಕ್ಟರು ನನ್ನ ಹತ್ರ ಬಂದು 'ಏನು ರೇಟು' ಅಂತ ಕೇಳುತ್ತಾರೆ.

ಗೌಂಡಿ ಮಗ

ಮಸ್ತ್ 😄 ಅಂಗಡಿ ಎಲ್ಲಿ ಭಾಯ್, ಶಹಾಬಾದ್ ಫರ್ಸಿ ಕಲ್ಲು ಇದೆಯಾ?

ಉಸುಕು ಸಿಮೆಂಟು

ಫರ್ಸಿ ಈಗ ಯಾರು ಕೇಳುತ್ತಾರೆ. ಎಲ್ಲರಿಗೂ ನಾಲ್ಕಡಿ ಎರಡಡಿ ಹೊಳೆಯೋ ಟೈಲ್ಸೇ ಬೇಕು.

ಪ್ಲಾನ್ ಪಾಸ್

ಇಲ್ಲೊಂದು ಮಾತು ಹೇಳಬೇಕು. ಆರ್ಕಿಟೆಕ್ಟ್ ಅಲ್ಲದವರು ಮನೆ ಪ್ಲಾನು ಮಾಡೋದೇ ಕಾನೂನಿಗೆ ವಿರುದ್ಧ. ಡ್ರಾಫ್ಟ್ಸ್‌ಮನ್ ಆಗಿ ಸ್ವಂತ ಆಫೀಸ್ ತೆಗೆಯೋ ಕನಸು ಇದ್ದರೆ ಬಿಟ್ಟುಬಿಡು.

ಬಿ.ಆರ್ಕ್ ಬೇಸತ್ತವಳು

ಅದು ಪೂರ್ತಿ ಸರಿ ಅಲ್ಲ ಸರ್. 1972ರ ಆರ್ಕಿಟೆಕ್ಟ್ಸ್ ಆ್ಯಕ್ಟ್ ತಡೆಯೋದು ಹೆಸರನ್ನ. ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನಲ್ಲಿ ನೋಂದಣಿ ಇಲ್ಲದವರು 'ಆರ್ಕಿಟೆಕ್ಟ್' ಅಂತ ಬೋರ್ಡ್ ಹಾಕಿಕೊಳ್ಳೋ ಹಾಗಿಲ್ಲ. ಕೆಲಸವನ್ನೇ ತಡೆಯುತ್ತಾ ಅನ್ನೋ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2020ರಲ್ಲಿ ಕೋರ್ಟ್ ಹೇಳಿದ್ದು ಇದೇ, ಹೆಸರು ಬಳಸೋಕೆ ನಿರ್ಬಂಧ, ಡಿಸೈನ್ ಮಾಡೋಕೆ ಅಲ್ಲ. ಆದರೆ ಪಾಲಿಕೆಯಲ್ಲಿ ಪ್ಲಾನ್ ಪಾಸ್ ಆಗಬೇಕಾದರೆ ಅವರ ನಿಯಮದ ಪ್ರಕಾರ ಅರ್ಹತೆ ಇರುವ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಸಹಿ ಬೇಕು. ಅದು ಬೇರೆ ಮಾತು.

ನಾನು ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಬಿ.ಆರ್ಕ್, ಅಂದರೆ ಆರ್ಕಿಟೆಕ್ಟ್ ಡಿಗ್ರಿ, ಮುಗಿಸಿದವಳು. ಐದು ವರ್ಷ ಓದಿದೆ. ಖರೆ ಹೇಳಬೇಕಂದ್ರೆ ಮೊದಲ ವರ್ಷ ಆಫೀಸಿನಲ್ಲಿ ನನಗೆ ಡೀಟೇಲ್ ಡ್ರಾಯಿಂಗ್ ಕಲಿಸಿದ್ದು ಐಟಿಐ ಓದಿದ ಒಬ್ಬ ಅಣ್ಣ. ಕಿಟಕಿ ಸಿಲ್ (ಕಿಟಕಿ ಕೆಳಗಿನ ಕಲ್ಲು) ಹತ್ರ ನೀರು ಎಲ್ಲಿಂದ ಒಳಗೆ ಬರುತ್ತೆ, ಅದನ್ನ ತಡೆಯೋಕೆ ಕಲ್ಲಿನ ಕೆಳಗಡೆ ಬೆರಳು ಅಗಲದ ಗೀರು ಹೊಡೆಸಬೇಕು ಅಂತ ನಮ್ಮ ಕಾಲೇಜಿನಲ್ಲಿ ಯಾರೂ ಕೈ ಹಿಡಿದು ತೋರಿಸಿರಲಿಲ್ಲ.

ಪ್ಲಾನ್ ಪಾಸ್

ಸರಿ ಮೇಡಂ, ಒಪ್ಪಿದೆ. 2020ರ ವಿಷಯ ಗೊತ್ತಿರಲಿಲ್ಲ.

ಕಮಲಾಪುರ ಬಾಳೆ

ಡಿಪ್ಲೊಮಾ ಮಾಡಿಬಿಡು ಬ್ರೋ, ಆಮೇಲೆ ಬಿ.ಆರ್ಕ್ ಎರಡನೇ ವರ್ಷಕ್ಕೆ ನೇರ ಸೇರಬಹುದು. ಆರ್ಕಿಟೆಕ್ಟೇ ಆಗಿಬಿಡು.

ಬಿ.ಆರ್ಕ್ ಬೇಸತ್ತವಳು

ಇಲ್ಲ ಇಲ್ಲ, ಹುಡುಗನ ದಾರಿ ತಪ್ಪಿಸಬೇಡಿ. ಡಿಪ್ಲೊಮಾದಿಂದ ಎರಡನೇ ವರ್ಷಕ್ಕೆ ಹೋಗೋದು ಬಿಇಗೆ, ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು. ಬಿ.ಆರ್ಕಿಗೆ ಹಾಗಿಲ್ಲ. ಗಣಿತ ಇರುವ ಮೂರು ವರ್ಷದ ಡಿಪ್ಲೊಮಾ ಆದವರು ನಾಟಾ ಪ್ರವೇಶ ಪರೀಕ್ಷೆ ಬರೆದು ಸೇರಬಹುದು, ಆದರೆ ಒಂದನೇ ವರ್ಷದಿಂದ ಐದು ವರ್ಷವೂ ಓದಬೇಕು.

ಕಮಲಾಪುರ ಬಾಳೆ

ಓ, ಹಂಗಾ. ಎರಡೂ ಒಂದೇ ಅಂದುಕೊಂಡಿದ್ದೆ.

ಯಾದಗಿರಿ ಜೆಇ

ನೌಕರಿ ಕಡೆಯಿಂದ ನಾನು ಹೇಳುತ್ತೇನೆ. ನನ್ನದೂ ಇದೇ ದಾರಿ. ಐಟಿಐ ಡ್ರಾಫ್ಟ್ಸ್‌ಮನ್, ಆಮೇಲೆ ಡಿಪ್ಲೊಮಾ ಸಿವಿಲ್‌ಗೆ ನೇರ ಮೂರನೇ ಸೆಮಿಸ್ಟರಿಗೆ ಸೇರಿದೆ. ಎರಡು ವರ್ಷದ ಐಟಿಐ ಆದವರಿಗೆ ಆ ಅವಕಾಶ ಇದೆ, ಅಂದರೆ ನಿನಗೆ ಉಳಿದಿರೋದು ಎರಡು ವರ್ಷ. ಬರೀ ಐಟಿಐ ಸರ್ಟಿಫಿಕೇಟಿನ ಮೇಲೆ ಜೆಇ (ಜೂನಿಯರ್ ಎಂಜಿನಿಯರ್) ಪೋಸ್ಟಿಗೆ ಅರ್ಜಿ ಹಾಕೋಕೆ ಬರಲ್ಲ, ಡಿಪ್ಲೊಮಾ ಬೇಕೇ ಬೇಕು. ಐಟಿಐ ಡ್ರಾಫ್ಟ್ಸ್‌ಮನ್‌ಗಳನ್ನ ಗಡಿ ರಸ್ತೆ ಮಾಡೋ ಬಾರ್ಡರ್ ರೋಡ್ಸ್‌ನವರು ಕರೆಯುತ್ತಾರೆ, ಆದರೆ ಊರು ಬಿಡೋಕೆ ರೆಡಿ ಇರಬೇಕು, ಅದೂ ಗಡಿ ಕಡೆ.

ಇನ್ನೊಂದು, ನಮ್ಮ ಕಡೆಯವರು ಎಷ್ಟೋ ಜನ ಇದನ್ನ ಮರೆಯುತ್ತಾರೆ. ಕಲ್ಯಾಣ ಕರ್ನಾಟಕದವರು ಅಂತ ತೋರಿಸೋ 371ಜೆ ಪ್ರಮಾಣಪತ್ರ ಮಾಡಿಸಿದ್ದೀಯಾ? ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ 80 ಪರ್ಸೆಂಟ್ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲು. ಜೆಇ ಗ್ರೂಪ್ ಸಿನೇ. ಅರ್ಜಿ ಹಾಕೋ ಕೊನೆ ದಿನ ಎಸಿ ಆಫೀಸಿನ ಮುಂದೆ ಸಾಲಲ್ಲಿ ನಿಲ್ಲಬೇಡ, ಈಗಲೇ ಮಾಡಿಸಿಡು. ನನ್ನ ರೂಮ್‌ಮೇಟ್ ಒಬ್ಬ ಅದೊಂದು ಕಾಗದ ಇಲ್ಲದೆ ಒಂದು ವರ್ಷ ಕಳೆದುಕೊಂಡ.

ಜೇವರ್ಗಿ ಹುಡುಗ

ಅಣ್ಣಾ 371ಜೆ ಐಟಿಐ ಸೇರುವಾಗ ಮಾಡಿಸಿದ್ದೆ, ಇದೆ. ಮೂರನೇ ಸೆಮಿಸ್ಟರಿಗೆ ನೇರ ಸೇರಿದರೆ ಓದು ಕಷ್ಟ ಆಗಲ್ವಾ? ಗಣಿತ ನನಗೆ ಅಷ್ಟಕ್ಕಷ್ಟೇ.

ಯಾದಗಿರಿ ಜೆಇ

ಆಗುತ್ತೆ. ಸುಳ್ಳು ಯಾಕೆ ಹೇಳಲಿ. ಮೊದಲ ಮೂರು ತಿಂಗಳು ಕ್ಲಾಸಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ, ಸ್ಟ್ರಕ್ಚರ್ ಅಂದರೆ ಏನೂ ತಿಳಿಯುತ್ತಿರಲಿಲ್ಲ. ಆದರೆ ಡ್ರಾಯಿಂಗ್ ಕ್ಲಾಸ್ ಬಂದಾಗ ಇಡೀ ಬ್ಯಾಚು ನನ್ನ ಟೇಬಲ್ ಸುತ್ತ ಇರುತ್ತಿತ್ತು. ಅವರು ನನಗೆ ಗಣಿತ, ನಾನು ಅವರಿಗೆ ಡ್ರಾಯಿಂಗ್. ಹಂಗೇ ಪಾಸಾದೆ.

ಗೌಂಡಿ ಮಗ

ಎಲ್ಲರೂ ಕೋರ್ಸು, ಪೋಸ್ಟು ಅಂತಿದ್ದೀರಿ. ನಮ್ಮಪ್ಪ ಗೌಂಡಿ, ನಾನು ಈಗ ಸಣ್ಣ ಗುತ್ತಿಗೆ ಮಾಡುತ್ತೇನೆ. ಡ್ರಾಯಿಂಗ್ ಓದುವವರ ಕಡೆಯಿಂದ ಒಂದು ಮಾತು ಕೇಳಿ.

ಹೋದ ವರ್ಷ ಒಂದು ಮನೆ. ಡ್ರಾಯಿಂಗ್ ನೋಡೋಕೆ ಮಸ್ತ್, ಬಣ್ಣ ಬಣ್ಣದ್ದು, ಸೋಫಾ, ಟಿವಿ, ಕುಂಡದಲ್ಲಿ ಗಿಡ ಎಲ್ಲ ಇತ್ತು. ಅಳತೆ ಮಾತ್ರ ರೂಮಿನ ಒಳಗಡೆ 10 ಅಡಿ, 12 ಅಡಿ ಅಂತ ಅಷ್ಟೇ. ಗೋಡೆಗಳ ನಡುಗೆರೆ ತೋರಿಸೋ ಸೆಂಟರ್ ಲೈನ್ ಡ್ರಾಯಿಂಗ್ ಇಲ್ಲ. ಕೇಳಿದರೆ 'ಅದರಲ್ಲೇ ಇದೆ ನೋಡ್ಕೊಳ್ಳಿ' ಅಂದರು ಆಫೀಸಿನವರು. ನಾನು ಬೇರೆ ಸೈಟಿನಲ್ಲಿದ್ದೆ. ನಮ್ಮ ಮೇಸ್ತ್ರಿ ದಾರ ಕಟ್ಟಿ, ಸುಣ್ಣದ ಪುಡಿ ಹಾಕಿ, 10 ಅಡಿಯನ್ನ ಗೋಡೆಯ ನಡುವಿನಿಂದ ನಡುವಿಗೆ ಹಿಡಿದ. ಗೋಡೆ 9 ಇಂಚು. ಆ ಕಡೆ ನಾಲ್ಕೂವರೆ, ಈ ಕಡೆ ನಾಲ್ಕೂವರೆ ತಿಂತು. 10 ಅಡಿ ರೂಮು 9 ಅಡಿ 3 ಇಂಚಾಯ್ತು. ಮೇಲೆ ಪ್ಲಾಸ್ಟರ್ ಬೇರೆ. ಯಾರಿಗೂ ಗೊತ್ತಾಗಲಿಲ್ಲ. ಗೃಹಪ್ರವೇಶ ಆಗಿ ಮಂಚ ಹಾಕಿದ ಮೇಲೆ ಅಲ್ಮಾರಿ ಬಾಗಿಲು ಅರ್ಧ ತೆರೆದು ಮಂಚಕ್ಕೆ ಬಡಿಯಿತು. ಆ ಮನೆಯ ಅಮ್ಮ ಈಗಲೂ ಸೀರೆ ತೆಗೆಯೋಕೆ ಮಂಚ ಸರಿಸುತ್ತಾರೆ. ಬೈಗುಳ ಯಾರಿಗೆ ಬಿತ್ತು? ನನಗೆ.

ಬಿ.ಆರ್ಕ್ ಬೇಸತ್ತವಳು

ಅಯ್ಯೋ. ಇದು ನಮ್ಮ ಕಡೆಯ ತಪ್ಪೇ. ಸೆಂಟರ್ ಲೈನ್ ಇಲ್ಲದೆ ಸೈಟಿಗೆ ಡ್ರಾಯಿಂಗ್ ಕಳಿಸಲೇಬಾರದು.

ಪ್ಲಾನ್ ಪಾಸ್

ಮೇಸ್ತ್ರಿಯೂ ಒಂದು ಫೋನ್ ಮಾಡಬಹುದಿತ್ತು ಅಲ್ವಾ. ಎಲ್ಲ ಡ್ರಾಯಿಂಗ್ ಮೇಲೇ ಹಾಕಿದರೆ ಹೇಗೆ?

ಗೌಂಡಿ ಮಗ

ಫೋನ್ ಮಾಡಿದರೆ ಎತ್ತಬೇಕಲ್ಲ ಸಾಹೇಬ್ರ.

ರಾಟ್ರಿಂಗ್ ಪೆನ್ನು

ಇನ್ನೊಂದು ಹೊಸ ರೋಗ. ಕೆಳಗೆ ಸ್ಕೇಲ್ 1:100 ಅಂತ ಬರೆದಿರುತ್ತಾರೆ, ಪ್ರಿಂಟ್ ಕೊಡುವಾಗ 'ಫಿಟ್ ಟು ಪೇಪರ್' ಒತ್ತಿರುತ್ತಾರೆ. ಎ1 ಹಾಳೆಗೆ ಅಂತ ಮಾಡಿದ ಡ್ರಾಯಿಂಗನ್ನ ಎ3ಗೆ ತುರುಕಿದರೆ ಅದು 1:100 ಎಲ್ಲಿ ಉಳಿಯಿತು, ಅರ್ಧಕ್ಕೆ ಇಳಿದು 1:200 ಆಯ್ತು. ಹಳೇ ಮೇಸ್ತ್ರಿಗಳು ಅದರ ಮೇಲೆ ಸ್ಕೇಲ್ ಪಟ್ಟಿ ಇಟ್ಟು ಅಳೆಯುತ್ತಾರೆ. ಅಳೆಯಬಾರದು ನಿಜ, ಬರೆದ ಅಂಕಿ ಮಾತ್ರ ನೋಡಬೇಕು. ಆದರೆ ಅಂಕಿ ಬರೆಯದಿದ್ದರೆ ಅವರು ಇನ್ನೇನು ಮಾಡುತ್ತಾರೆ?

ಹುಮನಾಬಾದ್ ಅಕ್ಕ

ನಂದು ಕೇಳಿ. ಕೆಲಸಕ್ಕೆ ಸೇರಿದ ಮೊದಲ ವಾರ. ಇಂಚಿನಲ್ಲಿದ್ದ ಫೈಲಿನಿಂದ ಕಮೋಡಿನ ಬ್ಲಾಕ್ (ರೆಡಿ ಚಿತ್ರ) ತೆಗೆದು ಎಂಎಂ ಫೈಲಿಗೆ ಹಾಕಿದೆ, ಯೂನಿಟ್ ನೋಡಲೇ ಇಲ್ಲ. ಒಂದು ಇಂಚು ಅಂದರೆ 25.4 ಎಂಎಂ. ಸ್ಕ್ರೀನಿನಲ್ಲಿ ಏನೂ ಕಾಣಲಿಲ್ಲ ಅಂತ ಮೂರು ಸಲ ಹಾಕಿದೆ. ಝೂಮ್ ಮಾಡಿ ಒಳಗೆ ನೋಡಿದರೆ ಇರುವೆ ಗಾತ್ರದ ಮೂರು ಕಮೋಡು ಒಂದರ ಮೇಲೊಂದು. ಅದೇ ಫೈಲ್ ಪ್ಲಂಬರಿಗೆ ಹೋಯ್ತು.

ತೊಗರಿ ಬ್ಯಾಳಿ

😂😂 ಇರುವೆಗೂ ಸೌಕರ್ಯ ಬೇಕಲ್ಲಕ್ಕಾ

ಸೈಟ್ ಎಂಜಿನಿಯರ್ ಸೇಡಂ

ಎರೆ ಮಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ, ಇದು ನಮ್ಮ ಕಡೆ ಡ್ರಾಫ್ಟ್ಸ್‌ಮನ್‌ಗೆ ಗೊತ್ತಿರಲೇಬೇಕು. ಬೆಂಗಳೂರಿನ ಆಫೀಸುಗಳ ಹಳೇ ಡ್ರಾಯಿಂಗ್ ಕಾಪಿ ಮಾಡಿ ಪಾಯಾದ ಡೀಟೇಲ್ ಹಾಗೇ ಅಂಟಿಸುತ್ತಾರೆ. ಅಲ್ಲಿ ಕೆಂಪು ಮಣ್ಣು. ಇಲ್ಲಿ ಮಳೆಗಾಲದಲ್ಲಿ ನೆಲ ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ಇಳಿಯೋ ಹಾಗೆ ಬಿರುಕು ಬಿಡುತ್ತೆ. ಕಂಪೌಂಡ್ ಗೋಡೆ ಹಾವಿನ ಥರ ಡೊಂಕಾಗಿರೋದು ನೋಡಿಲ್ವಾ? ಎರೆ ದಾಟಿ ಗಟ್ಟಿ ನೆಲ ಸಿಗೋವರೆಗೆ ಹೋಗಬೇಕು, ಅಥವಾ ಅಂಡರ್ ರೀಮ್ ಪೈಲ್, ಅಂದರೆ ನೆಲದೊಳಗೆ ಇಳಿಯೋ ಕಾಂಕ್ರೀಟ್ ಕಂಬ, ಹಾಕಬೇಕು. ಪೈಲಿನ ಬುಡದಲ್ಲಿ ಗೆಡ್ಡೆ ಥರ ಉಬ್ಬು ಇರುತ್ತೆ, ಸಾಮಾನ್ಯವಾಗಿ ಕಾಂಡದ ಎರಡೂವರೆ ಪಟ್ಟು ಅಗಲ. ಅದು ಕಾಲು ಊರಿದ ಹಾಗೆ ಹಿಡಿದುಕೊಳ್ಳುತ್ತೆ, ಮೇಲಿನ ಮಣ್ಣು ಉಬ್ಬಿದರೂ ಮನೆ ಏಳಲ್ಲ.

ನೀನು ಇದನ್ನ ಲೆಕ್ಕ ಹಾಕಬೇಕಿಲ್ಲ, ಅದು ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ. ಆದರೆ ಡ್ರಾಯಿಂಗಿನಲ್ಲಿ ತಪ್ಪು ಡೀಟೇಲ್ ಕಂಡಾಗ 'ಸರ್, ಇದು ಎರೆ ಭೂಮಿ ಅಲ್ವಾ' ಅಂತ ಕೇಳುವವನಿಗೂ ಸುಮ್ನೆ ಅಂಟಿಸುವವನಿಗೂ ಸಂಬಳದಲ್ಲಿ ವ್ಯತ್ಯಾಸ ಬಂದೇ ಬರುತ್ತೆ. ಈಗಲ್ಲ, ನಾಲ್ಕು ವರ್ಷಕ್ಕೆ.

ಮಾಳಿಗಿ ಮನಿ

ಮಣ್ಣಿನ ಮಾತು ಬಂತಲ್ಲ, ಬಿಸಿಲಿನ ಮಾತೂ ಬರಲಿ. ಪಶ್ಚಿಮಕ್ಕೆ ಮುಖ ಮಾಡಿದ ಮನೆಗೆ ಪೂರ್ತಿ ಗಾಜು ಹಾಕಿಸುತ್ತಾರೆ ಈಗ. ಸಂಜೆ ನಾಲ್ಕಕ್ಕೆ ಒಳಗೆ ಕೂತರೆ ರೊಟ್ಟಿ ಹಂಚಿನ ಮೇಲೆ ಕೂತ ಹಾಗೆ. ನಮ್ಮ ಅಜ್ಜನ ಮನೆ ಆಳಂದ ತಾಲ್ಲೂಕಿನಲ್ಲಿ, ಎರಡಡಿ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಮೇ ತಿಂಗಳಲ್ಲಿ ಮಧ್ಯಾಹ್ನ ಪಡಸಾಲೆಯಲ್ಲಿ ಮಲಗಿದರೆ ಹೊದಿಕೆ ಹುಡುಕುತ್ತಿದ್ದೆವು.

ಉಸುಕು ಸಿಮೆಂಟು

ಹೊದಿಕೆ ಸ್ವಲ್ಪ ಜಾಸ್ತಿ ಆಯ್ತು. ಮಳೆಗಾಲದಲ್ಲಿ ಮಾಳಿಗೆ ಸೋರಿ ಪಾತ್ರೆ ಇಡುತ್ತಿದ್ದದ್ದೂ ಬರೆಯಿರಿ.

ಮಾಳಿಗಿ ಮನಿ

ಅದೂ ಖರೆನೇ.

ಕೋಟೆ ಸುತ್ತುವವ

ವಿಷಯ ಬಿಟ್ಟು ಹೋಗುತ್ತಿದ್ದೇನೆ, ಕ್ಷಮಿಸಿ. ಡ್ರಾಯಿಂಗ್ ಮಾಡಿದವನ ಹೆಸರು ಎಲ್ಲೂ ಇರಲ್ಲ ಅಂತ ಮೇಲೆ ಒಬ್ಬರು ಬೇಜಾರು ಮಾಡಿಕೊಂಡರಲ್ಲ. ನಮ್ಮ ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಯಲ್ಲಿ ಕಟ್ಟಿಸಿದವನ ಹೆಸರು ಕಲ್ಲಿನಲ್ಲಿದೆ. 1367ರದ್ದು, ಇರಾನಿನ ಕಜ್ವೀನಿನಿಂದ ಬಂದ ರಫಿ ಅಂತ. ಅಂಗಳ ಇಲ್ಲದೆ ಪೂರ್ತಿ ಮೇಲ್ಛಾವಣಿ ಹಾಕಿದ ಮಸೀದಿ, ಇಂಥದ್ದು ನಮ್ಮ ದೇಶದಲ್ಲಿ ಅಪರೂಪ. ಐಟಿಐ ಓದುವಾಗ ನಾವು ನಾಲ್ಕು ಜನ ಟೇಪ್ ಹಿಡಿದು ಅದರ ಕಮಾನು ಅಳೆಯೋಕೆ ಹೋಗಿದ್ದೆವು. ಕಾವಲುಗಾರ ಬಂದು ಏನ್ರೋ ಮಾಡುತ್ತಿದ್ದೀರಿ ಅಂದ. ಪ್ರಾಕ್ಟಿಕಲ್ ಸರ್ ಅಂದೆವು, ಪಾಪ, ತಾನೇ ಟೇಪಿನ ಇನ್ನೊಂದು ತುದಿ ಹಿಡಿದ.

ಹುಮನಾಬಾದ್ ಅಕ್ಕ

ಬೀದರಿಗೂ ಬನ್ನಿ. ಗವಾನ್ ಮದರಸಾ 1472ರದ್ದು, ಉಳಿದಿರೋ ಒಂದು ಮಿನಾರಿನ ಮೇಲಿನ ಹೆಂಚಿನ ಕೆಲಸ ನೋಡಿ. ಹಳೇ ಕಟ್ಟಡ ಅಳೆದು ಡ್ರಾಯಿಂಗ್ ಮಾಡೋದಕ್ಕಿಂತ ಒಳ್ಳೆ ಪಾಠ ಇಲ್ಲ. ಕಣ್ಣಿಗೆ ನೇರ ಕಾಣೋ ಗೋಡೆ ಟೇಪ್ ಹಿಡಿದರೆ ನೇರ ಇರಲ್ಲ. ಆಗ ನಿಜವಾದ ಡ್ರಾಫ್ಟಿಂಗ್ ಶುರು.

ಕತಾರ್ ರಿಟರ್ನ್

ಹೊರದೇಶದ ಆಸೆ ಇರುವವರಿಗೆ. ನಾನು ಆರು ವರ್ಷ ಕೊಲ್ಲಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಅಲ್ಲಿ ಶಾಪ್ ಡ್ರಾಯಿಂಗ್ ಅಂತ ದೊಡ್ಡ ಲೋಕವೇ ಇದೆ. ಕನ್ಸಲ್ಟಂಟ್ ಕೊಟ್ಟ ಡ್ರಾಯಿಂಗ್ ಹಿಡಿದು, ಸೈಟಿನಲ್ಲಿ ಹೇಗೆ ಕಟ್ಟಬೇಕು ಅಂತ ಮತ್ತೆ ಬಿಡಿಸೋದು, ಒಂದೊಂದು ಟೈಲ್ಸ್ ಎಲ್ಲಿ ಕಟ್ ಆಗುತ್ತೆ ಅನ್ನೋವರೆಗೆ. ಅದು ಬಂದವನಿಗೆ ಕೆಲಸ ಇದೆ. ಆದರೆ ಏಜೆಂಟಿಗೆ ದುಡ್ಡು ಕೊಡೋ ಮೊದಲು ವೀಸಾದಲ್ಲಿ ಏನು ಕೆಲಸ ಅಂತ ಬರೆದಿದ್ದಾರೆ ನೋಡಿ. ನಮ್ಮ ಜೊತೆ ಬಂದ ಒಬ್ಬ ಹುಡುಗನದ್ದು ಹೆಲ್ಪರ್ ಅಂತ ಇತ್ತು, ಆಫೀಸಿನ ಬದಲು ಕಬ್ಬಿಣ ಹೊತ್ತ.

ಇಂಗ್ಲೆಂಡಿನಲ್ಲಿ ಇದಕ್ಕೆ ಆರ್ಕಿಟೆಕ್ಚರಲ್ ಟೆಕ್ನಿಶಿಯನ್ ಅಂತಾರೆ. ಅದರ ಮೇಲಿನ ಮೆಟ್ಟಿಲು ಟೆಕ್ನಾಲಜಿಸ್ಟ್. ಅವರಿಗೆ ಸಿಐಎಟಿ ಅಂತ ಸ್ವಂತ ಸಂಸ್ಥೆನೇ ಇದೆ, ಅರ್ಹತೆ ಪಡೆದರೆ ಹೆಸರಿನ ಜೊತೆ ಹಾಕಿಕೊಳ್ಳಬಹುದು, ಸ್ವಂತ ಆಫೀಸ್ ಕೂಡ ನಡೆಸುತ್ತಾರೆ. ನಮ್ಮಲ್ಲಿ ಹಾಗೊಂದು ಇಲ್ಲ, ಅದೇ ತೊಂದರೆ. ಇಲ್ಲಿ ಆರ್ಕಿಟೆಕ್ಟ್ ಇಲ್ಲಾಂದ್ರೆ 'ಕಂಪ್ಯೂಟರ್ ಹುಡುಗ', ನಡುವೆ ಏನೂ ಇಲ್ಲ.

ಉಸುಕು ಸಿಮೆಂಟು

ಕಂಪ್ಯೂಟರ್ ಹುಡುಗ! ನನ್ನನ್ನ ಹಂಗೇ ಕರೆಯುತ್ತಿದ್ದರು. ಹತ್ತು ವರ್ಷ ಆದಮೇಲೂ.

ಕಮಲಾಪುರ ಬಾಳೆ

ಇದೆಲ್ಲ ಇನ್ನೆರಡು ವರ್ಷ ಅಷ್ಟೇ. ಎಐ ಬಂದಿದೆ, 30×40 ಪೂರ್ವ ದಿಕ್ಕು ಅಂತ ಟೈಪ್ ಮಾಡಿದರೆ ಪ್ಲಾನು ಬರುತ್ತೆ. ನಾನೇ ಮಾಡಿ ನೋಡಿದೆ.

ಬಿ.ಆರ್ಕ್ ಬೇಸತ್ತವಳು

ನಾನೂ ನೋಡಿದೆ. ಅಡುಗೆ ಮನೆಗೆ ಹೋಗೋಕೆ ಬಾತ್‌ರೂಮ್ ದಾಟಬೇಕಿತ್ತು.

ಹುಮನಾಬಾದ್ ಅಕ್ಕ

ನಗೋದು ಬೇಡ, ಅದು ಸುಧಾರಿಸುತ್ತೆ. ಬರೀ ಸ್ಕೆಚ್ ನೋಡಿ ಗೆರೆ ಎಳೆಯೋ ಕೆಲಸ ಹೋಗುತ್ತೆ ಅಂತಲೇ ನನಗನ್ನಿಸುತ್ತೆ. ನಮ್ಮ ಆಫೀಸಿನಲ್ಲೇ ಮೊದಲು ಆರು ಜನ ಮಾಡುತ್ತಿದ್ದದ್ದನ್ನ ಈಗ ಮೂವರು ಮಾಡುತ್ತೇವೆ. ಆದರೆ ಗೌಂಡಿ ಮಗ ಹೇಳಿದ ಅಲ್ಮಾರಿ ಬಾಗಿಲು ಮಂಚಕ್ಕೆ ಬಡಿಯುತ್ತೆ ಅನ್ನೋದು ಸೈಟಿಗೆ ಹೋಗಿ ಬೈಸಿಕೊಂಡವನಿಗೇ ಹೊಳೆಯೋದು. ತಮ್ಮಾ, ಹದಿನಾಲ್ಕು ತಿಂಗಳಲ್ಲಿ ಎಷ್ಟು ಸಲ ಸೈಟಿಗೆ ಹೋಗಿದ್ದೀಯ?

ಜೇವರ್ಗಿ ಹುಡುಗ

ಎರಡು ಸಲ ಅಕ್ಕಾ. ಒಂದು ಸಲ ಡ್ರಾಯಿಂಗ್ ಕೊಟ್ಟು ಬರೋಕೆ. ಇನ್ನೊಂದು ಸಲ ಪೂಜೆ ಇತ್ತು, ಊಟಕ್ಕೆ.

ಗೌಂಡಿ ಮಗ

ಊಟ ಏನಿತ್ತು

ಜೇವರ್ಗಿ ಹುಡುಗ

ಹುಗ್ಗಿ, ಬದನೆಕಾಯಿ ಪಲ್ಯ.

ಗೌಂಡಿ ಮಗ

ಹಂಗಾದರೆ ಆಫೀಸ್ ಕೆಟ್ಟದ್ದಲ್ಲ. ತಮ್ಮಾ, ಭಾನುವಾರ ನಮ್ಮ ಸೈಟಿಗೆ ಬಾ, ಸೇಡಂ ರಸ್ತೆಯಲ್ಲಿ ಸ್ಲ್ಯಾಬಿಗೆ ಸೆಂಟ್ರಿಂಗ್ ನಡೆದಿದೆ. ನಿನ್ನ ಡ್ರಾಯಿಂಗ್ ಅಲ್ಲ, ಬೇರೆಯವರದ್ದು. ಮೇಸ್ತ್ರಿ ಅದನ್ನ ಹೇಗೆ ಓದುತ್ತಾನೆ ಅಂತ ಪಕ್ಕದಲ್ಲಿ ನಿಂತು ನೋಡು.

ಯಾದಗಿರಿ ಜೆಇ

ಇದು ಆಫರ್ ಅಂದರೆ. ಹೋಗು. ಡಿಪ್ಲೊಮಾ ಪ್ರವೇಶದ ಪ್ರಕಟಣೆ ಬಂದ ಕೂಡಲೇ ಅರ್ಜಿನೂ ಹಾಕು. ಹೈದರಾಬಾದ್ ಎಲ್ಲೂ ಓಡಿ ಹೋಗಲ್ಲ.

ಉಸುಕು ಸಿಮೆಂಟು

ನಾನು ಇನ್ನೂ ಓಡಿ ಹೋಗು ಅಂತಲೇ ಹೇಳುತ್ತೇನೆ. ಆದರೆ ಓಡೋ ಮೊದಲು ಡಿಪ್ಲೊಮಾ ಮಾಡಿಕೊಂಡು ಓಡು.

ಜೇವರ್ಗಿ ಹುಡುಗ

(ಎರಡು ವಾರದ ನಂತರ) ಎಲ್ಲರಿಗೂ ಥ್ಯಾಂಕ್ಸ್. ಹೈದರಾಬಾದ್ ಬೇಡ ಅಂತ ಅಪ್ಪನಿಗೆ ಹೇಳಿದೆ, ಅವರಿಗೂ ಒಳಗೊಳಗೆ ಖುಷಿ ಆಯ್ತು ಅನ್ಸುತ್ತೆ, ಆ ದುಡ್ಡಲ್ಲಿ ಬೋರ್ ಮೋಟರ್ ರಿಪೇರಿ ಮಾಡಿಸಿದರು. ಡಿಪ್ಲೊಮಾಗೆ ಕಾಗದ ಜೋಡಿಸುತ್ತಿದ್ದೇನೆ. ಸಾಹೇಬ್ರಿಗೆ ಸೈಟಿಗೆ ಕರೆದುಕೊಂಡು ಹೋಗಿ ಸರ್ ಅಂತ ಕೇಳಿದೆ, ನೋಡೋಣ ಅಂದರು. ಎರಡು ಭಾನುವಾರ ಗೌಂಡಿ ಮಗ ಅಣ್ಣನ ಸೈಟಿಗೆ ಹೋಗಿದ್ದೆ. ಮೊದಲ ದಿನ ಕಬ್ಬಿಣ ಕಟ್ಟುವವರು ನನ್ನ ಕೈಯಿಂದ ಡ್ರಾಯಿಂಗ್ ತಗೊಂಡು ತಲೆಕೆಳಗೆ ಹಿಡಿದರು, ಉತ್ತರ ಬಾಣ ನಿಜವಾದ ಉತ್ತರಕ್ಕೆ ತಿರುಗಲಿ ಅಂತ. ನನಗೆ ಗೊತ್ತೇ ಇರಲಿಲ್ಲ ಹಂಗೆ ಹಿಡೀತಾರೆ ಅಂತ.

ಒಂದು ಮೆಟ್ಟಿಲು ನಾನೇ ಡಿಸೈನ್ ಮಾಡಿದ್ದೇನೆ, ಲೆಕ್ಕ ನೋಡಿ ಹೇಳಿ. ಮಹಡಿ ಎತ್ತರ 10 ಅಡಿ 6 ಇಂಚು, ಅಂದರೆ 126 ಇಂಚು. ರೈಸರ್ (ಒಂದು ಮೆಟ್ಟಿಲಿನ ಎತ್ತರ) 7 ಇಂಚು ಹಿಡಿದರೆ 18. ಎರಡು ಹಂತ, ಒಂಬತ್ತೊಂಬತ್ತು. ಟ್ರೆಡ್ (ಕಾಲಿಡೋ ಅಗಲ) 10 ಇಂಚು, ಒಂದೊಂದು ಹಂತಕ್ಕೆ ಎಂಟು ಟ್ರೆಡ್, 80 ಇಂಚು. ನಡುವೆ ಮೂರಡಿ ಲ್ಯಾಂಡಿಂಗ್. ಲ್ಯಾಂಡಿಂಗ್ ಕೆಳಗೆ ಜಾಗ ಸುಮ್ನೆ ಹೋಗುತ್ತಲ್ಲ ಅಂತ ಒಂದು ಟಾಯ್ಲೆಟ್ ಹಾಕಿದ್ದೇನೆ.

ರಾಟ್ರಿಂಗ್ ಪೆನ್ನು

ಲೆಕ್ಕ ಸರಿ ಇದೆ. ನಾನು ನಿನ್ನ ವಯಸ್ಸಿನಲ್ಲಿ 16 ರೈಸರ್ ಹಾಕಿ, ಒಂದೊಂದು ಎಂಟು ಇಂಚಿನ ಹತ್ರ ಹೋಗಿ, ಆ ಮನೆ ಅಜ್ಜಿ ಮಹಡಿ ಹತ್ತೋದೇ ಬಿಟ್ಟರು. ನೀನು ಅಷ್ಟು ಮಾಡಿಲ್ಲ. ಈಗ ಒಂಬತ್ತು ರೈಸರಿನ ಮೇಲೆ ಲ್ಯಾಂಡಿಂಗ್ ಎಷ್ಟು ಎತ್ತರದಲ್ಲಿ ಬರುತ್ತೆ ಹೇಳು.

ಜೇವರ್ಗಿ ಹುಡುಗ

63 ಇಂಚು ಕಾಕಾ. 5 ಅಡಿ 3 ಇಂಚು.

ರಾಟ್ರಿಂಗ್ ಪೆನ್ನು

ಅದರಲ್ಲಿ ಸ್ಲ್ಯಾಬ್ ದಪ್ಪ 5 ಇಂಚು ಕಳೆ.

ಜೇವರ್ಗಿ ಹುಡುಗ

4 ಅಡಿ 10 ಇಂಚು

ಅಯ್ಯೋ

ಗೌಂಡಿ ಮಗ

ಬೀಮ್ ಇನ್ನೂ ಕಳೆದಿಲ್ಲ ತಮ್ಮಾ 😄